ಒಂದು ಬ್ಯಾರೆಲ್, ಎರಡು ರೈಫಲ್: ತೆಗೆದು ಹಾಕುವ ಮಜಲ್ ಬ್ರೇಕ್ ಬಳಸುವ ಬಗೆ

ಮಜಲ್ ಬ್ರೇಕ್ ಎಂದರೆ ಬ್ಯಾರೆಲ್ ತುದಿಗೆ ಸಿಕ್ಕಿಸುವ, ಮದ್ದಿನ ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತ ತಗ್ಗಿಸುವ ಲೋಹದ ತುಂಡು. ಟಾರ್ಗೆಟ್ ರೈಫಲ್‌ನ ಬಾಯಿಗೆ ಅದನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಭುಜದ ನೋವನ್ನು ನೆನೆದು ಕೊಳ್ಳುತ್ತಾರೆ. ಕೊಂಡು ನಾಲ್ಕು ದಿನ ಬಳಸಿದ ಮೇಲೆ ಗೊತ್ತಾಗುತ್ತದೆ, ಅದರ ದೊಡ್ಡ ಉಪಕಾರ ಕಣ್ಣಿಗೆ ಎಂದು. ಬ್ರೇಕ್ ಇದ್ದರೆ ಗುಂಡು ಹಾರಿದ ಮೇಲೂ ಗುರಿ ಸ್ಕೋಪಿನೊಳಗೇ ಉಳಿಯುತ್ತದೆ. ಗುಂಡು ಎಲ್ಲಿ ಬಿತ್ತು, ಮಣ್ಣು ಎಡಕ್ಕೆ ಎದ್ದಿತೇ ಬಲಕ್ಕೆ ಎದ್ದಿತೇ ಎಂಬುದನ್ನು ಹೊಡೆದವರೇ ನೋಡಿಕೊಂಡು ಮುಂದಿನ ಗುಂಡನ್ನು ತಿದ್ದಬಹುದು. ಪ್ರಿಸಿಷನ್ ರೈಫಲ್ ಸ್ಪರ್ಧೆಗಳಲ್ಲಿ 9-10 ಕೆ.ಜಿ. ತೂಗುವ, 6 ಮಿ.ಮೀ. ಗುಂಡಿನ ಮೆತ್ತನೆಯ ರೈಫಲ್‌ಗೂ ಬ್ರೇಕ್ ಹಾಕಿರುತ್ತಾರೆ. ಆ ರೈಫಲ್ ಯಾರ ಭುಜವನ್ನೂ ನೋಯಿಸುವಂಥದ್ದಲ್ಲ.

ಆದರೆ ತೆಗೆದು ಹಾಕುವ ಬ್ರೇಕ್ ಎಂದಮೇಲೆ ಒಂದು ಮಾತು ಮೊದಲೇ ಒಪ್ಪಿಕೊಳ್ಳಬೇಕು. ಬ್ರೇಕ್ ಹಾಕಿದಾಗ ಒಂದು ರೈಫಲ್, ತೆಗೆದಾಗ ಇನ್ನೊಂದು. ಝೀರೋ (ಸ್ಕೋಪ್ ತೋರಿದಲ್ಲಿಗೇ ಗುಂಡು ಬೀಳುವಂತೆ ಮಾಡಿದ ಹೊಂದಿಕೆ) ಬೇರೆ, ಒದೆತ ಬೇರೆ, ಸದ್ದು ಬೇರೆ, ಹೊಡೆಯುವವರ ಮೈ ಅದಕ್ಕೆ ಒಗ್ಗಿಕೊಳ್ಳುವ ರೀತಿಯೂ ಬೇರೆ. ಎರಡಕ್ಕೂ ಪ್ರತ್ಯೇಕ ಲೆಕ್ಕ ಇಟ್ಟವರಿಗೆ ಬ್ರೇಕ್ ಕೈಹಿಡಿಯುತ್ತದೆ. ಎರಡನ್ನೂ ಒಂದೇ ಎಂದು ನಂಬಿದವರು ಪ್ರತಿ ಸಲ ಸ್ಕೋಪನ್ನು ಬೈಯುತ್ತಿರುತ್ತಾರೆ.

ಒಳಗೆ ನಡೆಯುವುದೇನು

ರೈಫಲ್ ಹಿಂದಕ್ಕೆ ಒದೆಯುವುದು ಗುಂಡು ಮುಂದಕ್ಕೆ ಹೋಗುವುದರಿಂದ ಮಾತ್ರವಲ್ಲ. ಗುಂಡಿನ ಬೆನ್ನಿಗೇ ಮದ್ದು ಉರಿದ ಅನಿಲ ಬಾಯಿಂದ ನುಗ್ಗುತ್ತದೆ, ಅದೂ ಗುಂಡಿಗಿಂತ ಜೋರಾಗಿ. ಲೆಕ್ಕ ಹಾಕಿ ನೋಡೋಣ. .308 ವಿಂಚೆಸ್ಟರ್ ಎಂಬ ಮದ್ದುಗುಂಡಿನಲ್ಲಿ 175 ಗ್ರೇನ್ ಗುಂಡು, ಅಂದರೆ 11.3 ಗ್ರಾಂ, ಸೆಕೆಂಡಿಗೆ 790 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದುಕೊಳ್ಳಿ. ಅದರ ಸಂವೇಗ ಸುಮಾರು 8.9 ಕಿ.ಗ್ರಾಂ.ಮೀ. ಪ್ರತಿ ಸೆಕೆಂಡ್. ಮದ್ದು 2.8 ಗ್ರಾಂ, ಅದರ ಅನಿಲ ಸರಾಸರಿ 1,200 ಮೀಟರ್ ವೇಗದಲ್ಲಿ ಹೊರಬಿದ್ದರೆ ಇನ್ನೊಂದು 3.4 ಸೇರುತ್ತದೆ. ಒಟ್ಟು 12.3. ಅದರಲ್ಲಿ ಕಾಲುಭಾಗಕ್ಕೂ ಮಿಕ್ಕಿ ಅನಿಲದ ಪಾಲು.

ಗುಂಡಿನ ಪಾಲನ್ನು ಯಾವ ಬ್ರೇಕೂ ಮುಟ್ಟಲಾರದು. ಅನಿಲದ ಪಾಲನ್ನು ಅದು ಪಕ್ಕಕ್ಕೂ ತುಸು ಹಿಂದಕ್ಕೂ ತಿರುಗಿಸುತ್ತದೆ. 6 ಕೆ.ಜಿ. ರೈಫಲ್ ಬ್ರೇಕಿಲ್ಲದೆ ಸೆಕೆಂಡಿಗೆ 2.05 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ. ಆ ಒದೆತದ ಶಕ್ತಿ 12.6 ಜೂಲ್. ಅನಿಲದ ಪಾಲು ಪೂರ್ತಿ ಕಳೆದುಹೋಯಿತು ಎಂದುಕೊಂಡರೆ ವೇಗ 1.49ಕ್ಕೆ ಇಳಿಯುತ್ತದೆ, ಶಕ್ತಿ 6.6 ಜೂಲ್‌ಗೆ. ಸಂವೇಗದಲ್ಲಿ ಕಾಲುಭಾಗ ಇಳಿದರೆ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಇಳಿಯುತ್ತದೆ. ಜಾಹೀರಾತುಗಳಲ್ಲಿ ಕಾಣುವ ‘ಶೇ. 50 ಒದೆತ ಕಡಿಮೆ’ ಎಂಬಂಥ ಮಾತು ಬರುವುದು ಈ ಎರಡನೇ ಲೆಕ್ಕದಿಂದ. ಅದು ಸುಳ್ಳಲ್ಲ, ಅವರು ಯಾವುದನ್ನು ಅಳೆದಿದ್ದಾರೆ ಎಂದು ನೋಡಿಕೊಂಡರೆ ಸಾಕು.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿ ತಾನಾಗಿ ಹೊರಬರುತ್ತದೆ. ಗುಂಡಿನ ತೂಕಕ್ಕೆ ಹೋಲಿಸಿದರೆ ಮದ್ದು ಎಷ್ಟು ಹೆಚ್ಚೋ ಬ್ರೇಕ್ ಅಷ್ಟು ಕೆಲಸ ಮಾಡುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಮ್, .338 ಲಪುವಾ ಮ್ಯಾಗ್ನಮ್‌ಗಳಲ್ಲಿ ಬ್ರೇಕ್ ಹಾಕಿದ್ದು ಮೊದಲ ಗುಂಡಿಗೇ ತಿಳಿಯುತ್ತದೆ. .22 ಲಾಂಗ್ ರೈಫಲ್‌ನಲ್ಲಿ ಮದ್ದು 0.1 ಗ್ರಾಂ ಆಸುಪಾಸು. ಉದ್ದ ಬ್ಯಾರೆಲ್‌ನ ತುದಿಗೆ ಬರುವಷ್ಟರಲ್ಲಿ ಒತ್ತಡವೂ ಇಳಿದಿರುತ್ತದೆ. ಅದಕ್ಕೆ ಹಾಕುವ ಬ್ರೇಕ್ ನೋಟಕ್ಕೆ ಚೆನ್ನ, ತುದಿಗೆ ಸ್ವಲ್ಪ ತೂಕ ಬರುತ್ತದೆ, ಅಷ್ಟೇ.

ಕೊಳ್ಳುವ ಮುನ್ನ

ಮೊದಲು ನಿಮ್ಮ ಸ್ಪರ್ಧೆಯ ನಿಯಮ ಪುಸ್ತಕ ತೆರೆಯಿರಿ. ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ರೈಫಲ್ ಸ್ಪರ್ಧೆಗಳಲ್ಲಿ ಮಜಲ್ ಬ್ರೇಕ್‌ಗೆ, ಬ್ಯಾರೆಲ್ ತುದಿ ಮೇಲೇಳದಂತೆ ತಡೆಯುವ ಕಾಂಪೆನ್ಸೇಟರ್‌ಗೆ ಅವಕಾಶವಿಲ್ಲ. 300 ಮೀಟರ್ ಸ್ಪರ್ಧೆಗೂ ಇಲ್ಲ. ಆಸರೆಯ ಮೇಲೆ ರೈಫಲ್ ಇಟ್ಟು ಮಲಗಿ ದೂರಕ್ಕೆ ಹೊಡೆಯುವ ಎಫ್-ಕ್ಲಾಸ್‌ನಲ್ಲೂ ಇಲ್ಲ. ಸಾಲಾಗಿ ಮಲಗಿ ಹೊಡೆಯುವ ಆಟದಲ್ಲಿ ಪಕ್ಕದವರ ಮುಖಕ್ಕೆ ಗಾಳಿ ಬಡಿಯುವ ಸಾಧನವನ್ನು ಯಾರು ತಾನೇ ಒಪ್ಪುತ್ತಾರೆ? ಪ್ರಿಸಿಷನ್ ರೈಫಲ್ ಪಂದ್ಯಗಳಲ್ಲಿ ಅವಕಾಶವಿದೆ. ಬ್ರೇಕ್ ತೆಗೆದು ಹಾಕುವಂಥದ್ದಾಗಿರಬೇಕು ಎಂಬುದಕ್ಕೆ ದೊಡ್ಡ ಕಾರಣವೇ ಇದು: ಒಂದೇ ರೈಫಲ್ ಇಟ್ಟುಕೊಂಡು ಎರಡೂ ಕಡೆ ಆಡುವವರು ಬಹಳ ಮಂದಿ. ಬ್ಯಾರೆಲ್ ತುದಿಗೆ ಹಾಕುವ ಸಾಮಾನುಗಳ ಬಗ್ಗೆ ಕಾನೂನು ಊರಿಂದೂರಿಗೆ ಬೇರೆಯಿರುತ್ತದೆ. ಅದನ್ನೂ ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಿ.

ಆಮೇಲೆ ಥ್ರೆಡ್, ಅಂದರೆ ಬ್ರೇಕನ್ನು ತಿರುಗಿಸಿ ಕೂರಿಸುವ ಎಳೆ. .223 ಮತ್ತು .22 ರೈಫಲ್‌ಗಳಲ್ಲಿ ಅರ್ಧ ಇಂಚು ವ್ಯಾಸಕ್ಕೆ ಇಂಚಿಗೆ 28 ಎಳೆ ಸಾಮಾನ್ಯ; .308 ವರ್ಗದಲ್ಲಿ 5/8 ಇಂಚಿಗೆ 24 ಎಳೆ. ದಪ್ಪ ಬ್ಯಾರೆಲ್‌ಗಳಲ್ಲಿ 3/4 ಇಂಚಿಗೆ 24. ಯುರೋಪಿನ ರೈಫಲ್‌ಗಳಲ್ಲಿ 14, 15, 18 ಮಿ.ಮೀ. ವ್ಯಾಸಕ್ಕೆ 1 ಮಿ.ಮೀ. ಅಂತರದ ಎಳೆ ಕಾಣುತ್ತದೆ. ಕೆಲವು ಎಡಕ್ಕೆ ತಿರುಗಿಸಿ ಬಿಗಿಯುವಂಥವೂ ಇವೆ. ಅರ್ಧ ಸುತ್ತಿಗೇ ಬಿಗಿಯಾದರೆ ಒತ್ತಾಯ ಮಾಡಬೇಡಿ, ಥ್ರೆಡ್ ಬೇರೆ ಎಂದರ್ಥ. ನಿಮ್ಮ ಬ್ಯಾರೆಲ್‌ಗೆ ಥ್ರೆಡ್ಡೇ ಇಲ್ಲದಿದ್ದರೆ ಅದು ಲೇತಿನಲ್ಲಿ ಮಾಡಿಸುವ ಕೆಲಸ. ಬ್ಯಾರೆಲ್‌ನ ಒಳರಂಧ್ರ ಹೊರಮೈಗೆ ಸರಿಯಾಗಿ ನಟ್ಟನಡುವೆ ಇರುತ್ತದೆ ಎಂಬ ಖಾತ್ರಿಯಿಲ್ಲ. ಆದ್ದರಿಂದ ಒಳರಂಧ್ರವನ್ನು ಆಧಾರವಾಗಿಟ್ಟು ಥ್ರೆಡ್ ಕೊಯ್ಯಬಲ್ಲ ಬಂದೂಕು ಕುಶಲಕರ್ಮಿಯ ಕೈಗೇ ಕೊಡಿ.

ಮೂರನೆಯದು ಬ್ರೇಕ್‌ನ ರಂಧ್ರ. ಗುಂಡಿನ ವ್ಯಾಸಕ್ಕಿಂತ ಅದು ಸುಮಾರು ಅರ್ಧ ಮಿ.ಮೀ. ದೊಡ್ಡದಿರುವುದು ರೂಢಿ. .308 ಗುಂಡಿನ ವ್ಯಾಸ 7.82 ಮಿ.ಮೀ., 6.5 ಗುಂಡಿನದು 6.71, .223 ಗುಂಡಿನದು 5.7. ಅಪಾಯ ಎಲ್ಲಿದೆ ನೋಡಿ: 6.5ಕ್ಕೆ ಮಾಡಿದ ಬ್ರೇಕೂ .308ಕ್ಕೆ ಮಾಡಿದ ಬ್ರೇಕೂ ಒಂದೇ 5/8 ಥ್ರೆಡ್‌ನಲ್ಲಿ ಬರುತ್ತವೆ, ಹೊರಗಿನಿಂದ ಅವಳಿ-ಜವಳಿಯಂತೆ ಕಾಣುತ್ತವೆ. ದೊಡ್ಡ ರಂಧ್ರದ್ದನ್ನು ಸಣ್ಣ ಗುಂಡಿಗೆ ಹಾಕಿದರೆ ಕೆಲಸ ತುಸು ಕಡಿಮೆ ಮಾಡುತ್ತದೆ, ಅಷ್ಟರಲ್ಲೇ ಮುಗಿಯಿತು. ಸಣ್ಣ ರಂಧ್ರದ್ದನ್ನು ದೊಡ್ಡ ಗುಂಡಿಗೆ ಹಾಕಿದರೆ ಬ್ರೇಕ್ ಸಿಡಿದು ಚೂರಾಗಿ ಹಾರುತ್ತದೆ. ಮನೆಯಲ್ಲಿ ಎರಡು ಬ್ರೇಕ್ ಇದ್ದರೆ ಇವತ್ತೇ ಎರಡರ ಮೇಲೂ ಕ್ಯಾಲಿಬರ್ ಬರೆದಿಡಿ. ತಯಾರಕರು ಕೆತ್ತಿದ ಸಣ್ಣ ಅಕ್ಷರ ಮಸಿಯಡಿ ಕಾಣುವುದಿಲ್ಲ.

ಆಕಾರದ ವಿಷಯದಲ್ಲಿ ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ಸುತ್ತಲೂ ತೂತಿರುವ ಬ್ರೇಕ್‌ಗೆ ಎಡ-ಬಲ ಎಂಬುದಿಲ್ಲ, ಹೇಗೆ ನಿಂತರೂ ನಡೆಯುತ್ತದೆ, ಕೂರಿಸುವುದು ಸುಲಭ. ಆದರೆ ಕೆಳಗಿನ ತೂತಿನಿಂದ ಹೊರಟ ಅನಿಲ ಮಲಗಿ ಹೊಡೆಯುವಾಗ ನೆಲದ ಧೂಳನ್ನೆಲ್ಲ ಎಬ್ಬಿಸುತ್ತದೆ. ಯಾವುದನ್ನು ನೋಡಬೇಕೆಂದು ಬ್ರೇಕ್ ಹಾಕಿದೆವೋ ಅದೇ ಮುಚ್ಚಿಹೋಗುತ್ತದೆ. ಎಡಬಲಕ್ಕೆ ಮಾತ್ರ ಕಿಂಡಿಯಿರುವ, ಒಳಗೆ ಎರಡು-ಮೂರು ಗೋಡೆಗಳಿರುವ ಬ್ರೇಕ್ ಟಾರ್ಗೆಟ್ ರೈಫಲ್‌ಗೆ ಸರಿ. ಲೋಹ ಉಕ್ಕಾದರೆ ಬಾಳಿಕೆ. ಟೈಟಾನಿಯಂ ಹಗುರ, ಆದರೆ ಬಿಳಿ ಕಿಡಿ ಹಾರಿಸುತ್ತದೆ, ಬೇಗ ಸವೆಯುತ್ತದೆ. ಅಲ್ಯೂಮಿನಿಯಂ .22ರಾಚೆಗೆ ಬೇಡ.

ಕೂರಿಸುವುದು

ರೈಫಲ್ ಖಾಲಿ ಮಾಡಿ. ಬೋಲ್ಟ್ ಹೊರಗೆ ತೆಗೆಯಿರಿ, ಚೇಂಬರ್‌ನೊಳಗೆ ಕಣ್ಣಿಂದಲೂ ಬೆರಳಿಂದಲೂ ನೋಡಿ, ಮದ್ದುಗುಂಡನ್ನು ನೀವು ಕೆಲಸ ಮಾಡುವ ಕೋಣೆಯಿಂದಲೇ ಆಚೆ ಇಡಿ. ಬ್ರೇಕ್ ತೆಗೆಯುವಾಗಲೂ ಹಾಕುವಾಗಲೂ ಕೈಗಳು ಬ್ಯಾರೆಲ್ ಬಾಯಿಯ ಮುಂದೆಯೇ ಇರುತ್ತವೆ. ಪ್ರತಿ ಸಲವೂ ಇದನ್ನು ಮೊದಲಿನಿಂದ ಮಾಡಿ.

ಬ್ಯಾರೆಲ್ ತುದಿಯ ಎಳೆ, ಎಳೆ ಮುಗಿಯುವಲ್ಲಿನ ಚಪ್ಪಟೆ ಭುಜ, ಬ್ರೇಕ್‌ನ ಹಿಂಬದಿ ಮೂರನ್ನೂ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ದ್ರಾವಕ ಹಾಕಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಭುಜದ ಮೇಲೆ ಒಂದು ಹರಳು ಮಸಿ ಉಳಿದರೂ ಬ್ರೇಕ್ ಓರೆಯಾಗಿ ಕೂರುತ್ತದೆ. ಬ್ರೇಕ್ ನೆಟ್ಟಗೆ ನಿಲ್ಲುವುದಕ್ಕೆ ಮುಖ್ಯ ಆಧಾರ ಆ ಭುಜ. ಎಳೆಗಳಲ್ಲಿ ಯಾವಾಗಲೂ ಅಲ್ಪಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಎಳೆಗಳಿಗೆ ತಾಮ್ರದ ಅಥವಾ ನಿಕ್ಕಲ್‌ನ ಆ್ಯಂಟಿ-ಸೀಜ್ ಪೇಸ್ಟ್ ತೆಳ್ಳಗೆ ಸವರಿ, ಭುಜಕ್ಕೆ ಬೇಡ. ಕಾಯಂ ಅಂಟಿಸುವ ಲಾಕ್‌ಟೈಟ್‌ನಂಥವುಗಳ ತಂಟೆಗೆ ಹೋಗಬೇಡಿ. ತೆಗೆದು ಹಾಕಬೇಕೆಂದೇ ಕೊಂಡದ್ದಲ್ಲವೇ?

ಇಲ್ಲಿಂದ ಮುಂದೆ ನಿಮ್ಮ ಬ್ರೇಕ್ ಯಾವ ಬಗೆಯದು ಎಂಬುದರ ಮೇಲೆ ಹೋಗುತ್ತದೆ.

ಶಿಮ್ ಹಾಕುವ ಬಗೆಯಲ್ಲಿ ತಾಳ್ಮೆ ಬೇಕು. ಬ್ರೇಕ್‌ನ ಕಿಂಡಿಗಳು ಸರಿಯಾಗಿ ಎಡಬಲಕ್ಕೆ ನಿಲ್ಲಬೇಕು, ಆದರೆ ಕೈಯಿಂದ ತಿರುಗಿಸಿದಾಗ ಅದು ತನಗೆ ಬೇಕಾದಲ್ಲಿ ನಿಲ್ಲುತ್ತದೆ. ಭುಜಕ್ಕೂ ಬ್ರೇಕಿಗೂ ನಡುವೆ ಶಿಮ್ ಎಂಬ ತೆಳು ಬಿಲ್ಲೆ ಇಟ್ಟರೆ ಅದು ಮೊದಲೇ ನಿಲ್ಲುತ್ತದೆ. ಎಷ್ಟು ದಪ್ಪದ ಬಿಲ್ಲೆ ಎಂಬುದನ್ನು ಊಹೆಗೆ ಬಿಡಬೇಕಿಲ್ಲ. ಇಂಚಿಗೆ 24 ಎಳೆ ಇದ್ದರೆ ಒಂದು ಸುತ್ತಿಗೆ ಬ್ರೇಕ್ 1.058 ಮಿ.ಮೀ. ಒಳಸರಿಯುತ್ತದೆ; ಕಾಲು ಸುತ್ತಿಗೆ 0.26, 30 ಡಿಗ್ರಿಗೆ 0.09 ಮಿ.ಮೀ. 28 ಎಳೆಯಾದರೆ ಪೂರ್ತಿ ಸುತ್ತಿಗೆ 0.907. ಕೈಬಿಗಿಯಲ್ಲಿ ಎಷ್ಟು ಡಿಗ್ರಿ ದಾಟಿ ಹೋಗಿದೆ ಎಂದು ನೋಡಿ ಅಷ್ಟಕ್ಕೆ ತಕ್ಕ ಶಿಮ್ ಆರಿಸಿ. ಕೈಬಿಗಿಯಲ್ಲಿ ಸರಿಸ್ಥಾನಕ್ಕಿಂತ 10ರಿಂದ 20 ಡಿಗ್ರಿ ಹಿಂದೆಯೇ ನಿಂತರೆ ಹದ; ಉಳಿದದ್ದನ್ನು ಸ್ಪ್ಯಾನರ್ ಮುಗಿಸುತ್ತದೆ. ಒಂದೋ ಎರಡೋ ಶಿಮ್ ಸಾಕು. ನಾಲ್ಕೈದು ಪೇರಿಸಿದರೆ ಸ್ಪ್ರಿಂಗಿನಂತೆ ಆಡುತ್ತವೆ, ಬಿಗಿ ನಿಲ್ಲುವುದಿಲ್ಲ. ಬಿಗಿದಾಗ ನಜ್ಜಾಗಿ ಕೂರುವ ಕ್ರಶ್ ವಾಷರ್ ಒಂದಿದೆ. ಅದು ಎಲ್ಲ ಕಡೆ ಸಮನಾಗಿ ನಜ್ಜಾಗುವುದಿಲ್ಲ, ಪ್ರತಿ ಸಲ ಹೊಸದೇ ಬೇಕು. ನಿಖರತೆಯ ರೈಫಲ್‌ಗೆ ಅದು ಬೇಡ.

ಬಿಗಿಯುವಾಗ ಬ್ಯಾರೆಲ್ಲನ್ನೇ ಹಿಡಿದು ಬಿಗಿಯಿರಿ: ಮೆತ್ತನೆಯ ದವಡೆಯಿರುವ ವೈಸಿನಲ್ಲಿ, ಬಾಯಿಗೆ ಹತ್ತಿರವಾಗಿ. ಸ್ಟಾಕ್ (ಭುಜಕ್ಕಾನಿಸುವ ಹಿಡಿ) ಹಿಡಿದು ಸ್ಪ್ಯಾನರ್ ತಿರುಗಿಸಿದರೆ ಆ ತಿರುಚು ಬ್ಯಾರೆಲ್, ಆ್ಯಕ್ಷನ್ (ಬೋಲ್ಟ್ ಓಡುವ ಭಾಗ), ಬೆಡ್ಡಿಂಗ್ (ಅದು ಸ್ಟಾಕ್‌ನಲ್ಲಿ ಕೂರುವ ಜಾಗ) ಎಲ್ಲದರ ಮೂಲಕ ಹಾದುಹೋಗುತ್ತದೆ. ಎಷ್ಟು ಬಿಗಿ ಎಂಬುದಕ್ಕೆ ತಯಾರಕರ ಮಾತೇ ಪ್ರಮಾಣ. 27ರಿಂದ 40 ನ್ಯೂಟನ್ ಮೀಟರ್ ನಡುವೆ ಹೇಳುವವರು ಬಹಳ. ಟಾರ್ಕ್ ರೆಂಚ್ ಇರಲಿ. ಬಿಗಿ ಸಾಕಾಯಿತು ಎಂದು ಕೈಗೆ ಅನ್ನಿಸುವುದು ದಿನಕ್ಕೊಂದು ಥರ, ಝೀರೋ ಅದರ ಜೊತೆಗೇ ಓಡಾಡುತ್ತದೆ.

ಲಾಕ್ ನಟ್ ಇರುವ ಬಗೆ ಆಗಾಗ ತೆಗೆದು ಹಾಕುವವರಿಗೆ ಹೇಳಿಮಾಡಿಸಿದ್ದು. ಬ್ರೇಕ್ ತಿರುಗಿಸಿ, ಕಿಂಡಿ ಸಮವಾಗುವಲ್ಲಿ ನಿಲ್ಲಿಸಿ, ಒಂದು ಸ್ಪ್ಯಾನರ್‌ನಲ್ಲಿ ಬ್ರೇಕ್ ಅಲುಗದಂತೆ ಹಿಡಿದು ಇನ್ನೊಂದರಲ್ಲಿ ನಟ್ಟನ್ನು ಭುಜಕ್ಕೆ ಒತ್ತಿ ಬಿಗಿಯುವುದು. ಸಮ ನೋಡುವುದಕ್ಕೆ ರೈಫಲನ್ನು ಸ್ಕೋಪ್ ಬೇಸ್ ಮೇಲೆ ಇಟ್ಟ ರಸಮಟ್ಟದಿಂದ ಮೊದಲು ಮಟ್ಟ ಮಾಡಿ, ಆಮೇಲೆ ಅದೇ ರಸಮಟ್ಟವನ್ನು ಬ್ರೇಕ್‌ನ ಚಪ್ಪಟೆ ತಲೆಯ ಮೇಲಿಡಿ. ಕಿಂಡಿ ಓರೆಯಾದರೆ ಅನಿಲ ಒಂದು ಬದಿ ಮೇಲಕ್ಕೂ ಇನ್ನೊಂದು ಬದಿ ಕೆಳಕ್ಕೂ ಹೋಗಿ ರೈಫಲ್ ಪಕ್ಕಕ್ಕೆ ತಿರುಚಿ ಹಾರುತ್ತದೆ.

ಥ್ರೆಡ್ ಇಲ್ಲದ ಬ್ಯಾರೆಲ್‌ಗೆ ಸ್ಕ್ರೂಗಳಿಂದ ಕಚ್ಚಿಸುವ ಬ್ರೇಕೂ ಸಿಗುತ್ತದೆ. ಬ್ಯಾರೆಲ್ ವ್ಯಾಸ ಕರಾರುವಾಕ್ಕಾಗಿ ಹೊಂದಬೇಕು, ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಪ್ರತಿ ಗುಂಡಿಗೂ ಅನಿಲ ಬ್ರೇಕನ್ನು ಮುಂದಕ್ಕೆ ಎಳೆಯುತ್ತದೆ ಎಂಬುದು ನೆನಪಿರಲಿ. ರೈಫಲನ್ನು ಹಿಂದೆ ಬರದಂತೆ ತಡೆಯುವುದೂ ಆ ಎಳೆತವೇ. ಕಚ್ಚಿದ್ದು ಸಡಿಲವಾದರೆ ಬ್ರೇಕ್ ಗುರಿಯ ಕಡೆ ಪ್ರಯಾಣ ಹೊರಡುತ್ತದೆ.

ಯಾವ ಬಗೆಯಾದರೂ ಸರಿ, ಕೊನೆಗೆ ಬಿಳಿ ಪೇಂಟ್ ಪೆನ್ನಿನಲ್ಲಿ ಬ್ರೇಕಿನಿಂದ ಬ್ಯಾರೆಲ್‌ಗೆ ದಾಟುವ ಒಂದು ಗೆರೆ ಎಳೆಯಿರಿ. ಮುಂದೆ ಅದು ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿಗೆ ಬೀಳುತ್ತದೆ.

ಬೆಳಕಿಗೆ ಹಿಡಿದು ನೋಡಿ

ಇದನ್ನು ಬಿಟ್ಟು ಗುಂಡು ಹಾರಿಸಬೇಡಿ. ಬೋಲ್ಟ್ ಇಲ್ಲದ ರೈಫಲನ್ನು ಬೆಳಕಿನ ಕಡೆ ಮುಖ ಮಾಡಿ ಹಿಂದಿನಿಂದ ಬ್ಯಾರೆಲ್‌ನೊಳಗೆ ನೋಡಿ. ಬ್ಯಾರೆಲ್ ಬಾಯಿಯ ದುಂಡು ಬೆಳಕೊಳಗೆ ಬ್ರೇಕ್‌ನ ಅಂಚು ಎಲ್ಲಿಯೂ ಒಳಚಾಚಿ ಕಾಣಬಾರದು. ಒಂದು ಬದಿಯಲ್ಲಿ ಸಣ್ಣ ಕಪ್ಪು ಚಂದ್ರಾಕಾರ ಕಂಡರೂ ಕೆಲಸ ನಿಲ್ಲಿಸಿ, ಬಿಚ್ಚಿ, ಭುಜ ಒರೆಸಿ ಮತ್ತೆ ಕೂರಿಸಿ. ಕಣ್ಣಿಗಿಂತ ಖಚಿತವಾದದ್ದು ಅಲೈನ್‌ಮೆಂಟ್ ರಾಡ್: ಕ್ಯಾಲಿಬರ್‌ಗೆ ತಕ್ಕಂತೆ ನುಣುಪಾಗಿ ಉಜ್ಜಿದ ನೇರ ಸರಳು. ಅದನ್ನು ಬಾಯಿಂದ ಒಳಗೆ ಇಳಿಸಿದಾಗ ಬ್ರೇಕ್ ರಂಧ್ರಕ್ಕೂ ಸರಳಿಗೂ ನಡುವಿನ ಸಂದು ಸುತ್ತ ಒಂದೇ ಅಗಲ ಕಾಣಬೇಕು. ನೋಡಿ ಮುಗಿದ ಮೇಲೆ ಸರಳು ಹೊರಬಂತೇ ಎಂದು ಇನ್ನೊಮ್ಮೆ ನೋಡಿ.

ಮೊದಲ ಎರಡು ಗುಂಡು ಹಾರಿಸಿ, ರೈಫಲ್ ಖಾಲಿ ಮಾಡಿ, ಬ್ರೇಕ್‌ನ ಹೊರ ರಂಧ್ರದ ಅಂಚನ್ನು ಟಾರ್ಚ್ ಹಾಕಿ ಪರೀಕ್ಷಿಸಿ. ಎಲ್ಲ ಕಡೆ ಸಮವಾಗಿ ಮಸಿ ಹಿಡಿದಿದ್ದರೆ ಸರಿ. ಒಂದೇ ಕಡೆ ಹೊಳೆಯುವ ಗೀರು, ತಾಮ್ರದ ಬಣ್ಣ ಕಂಡರೆ ಗುಂಡು ಅಲ್ಲಿ ತಗಲಿದೆ. ಅಂಥ ರೈಫಲ್‌ನ ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳು ಕಾಗದದ ಮೇಲೆ ಮೂಡಿಸುವ ತೂತುಗಳ ಗುಂಪು) ಏಕಾಏಕಿ ಕೆದರಿಕೊಳ್ಳುತ್ತದೆ, ಕೆಲವೊಮ್ಮೆ ಕಾಗದದ ಮೇಲೆ ಗುಂಡು ಅಡ್ಡಲಾಗಿ ಹೊಕ್ಕ ಗುರುತು ಕಾಣುತ್ತದೆ.

ಎರಡು ಝೀರೋ

ಗುಂಡು ಬ್ಯಾರೆಲ್‌ನೊಳಗೆ ಓಡುವಾಗ ಬ್ಯಾರೆಲ್ ಕಂಪಿಸುತ್ತಿರುತ್ತದೆ. ತುದಿಗೆ 100-200 ಗ್ರಾಂ ಸೇರಿದರೆ ಆ ಕಂಪನದ ತಾಳ ಬದಲಾಗಿ ಗುಂಡು ಹೊರಡುವ ದಿಕ್ಕು ತುಸು ಬದಲಾಗುತ್ತದೆ. ಎಷ್ಟು, ಯಾವ ಕಡೆ ಎಂಬುದನ್ನು ಕಾಗದವೇ ಹೇಳಬೇಕು. ಬೇರೆ ಯಾರದೋ ರೈಫಲ್‌ನ ಅಂಕಿ ನಿಮ್ಮದಕ್ಕೆ ಆಗಿಬರುವುದಿಲ್ಲ.

ಗಾಳಿಯಿಲ್ಲದ ಹೊತ್ತಿನಲ್ಲಿ 100 ಮೀಟರ್‌ಗೆ ಹೀಗೆ ಮಾಡಿ. ಬ್ರೇಕ್ ಹಾಕಿಕೊಂಡು, ಬ್ಯಾರೆಲ್ ಬೆಚ್ಚಗಾಗಲು ಒಂದೆರಡು ಗುಂಡು ಹಾರಿಸಿ, ಐದೈದರ ಎರಡು ಗ್ರೂಪ್ ಹೊಡೆಯಿರಿ. ಬ್ಯಾರೆಲ್ ಆರಲು ಬಿಡಿ. ಬ್ರೇಕ್ ತೆಗೆದು, ಎಳೆ ಮುಚ್ಚುವ ಕ್ಯಾಪ್ ಹಾಕಿ, ಸ್ಕೋಪ್ ಮುಟ್ಟದೆ, ಅದೇ ಗುರಿಬಿಂದುವಿಗೆ ಇನ್ನೊಂದು ಕಾಗದದ ಮೇಲೆ ಮತ್ತೆ ಎರಡು ಗ್ರೂಪ್. ಮತ್ತೆ ಬ್ರೇಕ್ ಹಾಕಿ, ಅದೇ ಟಾರ್ಕ್‌ಗೆ ಬಿಗಿದು, ಇನ್ನೆರಡು. ಮೂರು ಗುಂಡಿನ ಗ್ರೂಪ್ ನೋಡಿ ತೀರ್ಮಾನಕ್ಕೆ ಬರುವುದು ಬೇಡ, ಅದೃಷ್ಟಕ್ಕೂ ಅಭ್ಯಾಸಕ್ಕೂ ವ್ಯತ್ಯಾಸ ಗೊತ್ತಾಗದು.

ಮೊದಲ ಸುತ್ತಿಗೂ ಮೂರನೆಯ ಸುತ್ತಿಗೂ ಗ್ರೂಪ್‌ಗಳ ನಡುಬಿಂದು ಒಂದರ ಮೇಲೊಂದು ಬಂದರೆ ನಿಮ್ಮ ಬ್ರೇಕ್ ನಂಬಿಕಸ್ಥ: ಎಷ್ಟು ಸಲ ತೆಗೆದರೂ ಅದೇ ಜಾಗಕ್ಕೆ ಮರಳುತ್ತದೆ. ಬರದಿದ್ದರೆ ಬಿಗಿಯುವ ಕ್ರಮದಲ್ಲಿ, ಭುಜದ ಸ್ವಚ್ಛತೆಯಲ್ಲಿ ಅಥವಾ ಶಿಮ್‌ಗಳಲ್ಲಿ ದೋಷವಿದೆ. ಮೊದಲ ಸುತ್ತಿಗೂ ಎರಡನೆಯದಕ್ಕೂ ಇರುವ ಅಂತರ ನಿಮ್ಮ ತಿದ್ದುಪಡಿ. ಸ್ಕೋಪ್ ತಿರುಪಿನ ಒಂದು ಕ್ಲಿಕ್ 0.1 ಮಿಲ್ (ಕೋನದ ಅಳತೆ) ಆದರೆ 100 ಮೀಟರ್‌ನಲ್ಲಿ ಒಂದು ಸೆಂಟಿಮೀಟರ್. ಬ್ರೇಕ್ ತೆಗೆದಾಗ ಗ್ರೂಪ್ 3 ಸೆಂ.ಮೀ. ಮೇಲೆ, 1 ಸೆಂ.ಮೀ. ಎಡಕ್ಕೆ ಹೋಯಿತು ಎಂದಾದರೆ ‘ಬ್ರೇಕ್ ಇಲ್ಲ: ಕೆಳಗೆ 3, ಬಲಕ್ಕೆ 1’ ಎಂದು ಚೀಟಿ ಬರೆದು ಸ್ಟಾಕ್‌ಗೆ ಅಂಟಿಸಿ.

ವೇಗದ ಅಂಕಿಯನ್ನು ಮಾತ್ರ ಮುಟ್ಟಬೇಡಿ. ಬ್ರೇಕ್ ಕೆಲಸ ಶುರು ಮಾಡುವ ಹೊತ್ತಿಗೆ ಗುಂಡು ಬ್ಯಾರೆಲ್ ದಾಟಿಯಾಗಿರುತ್ತದೆ. ವೇಗದಲ್ಲಿ ಗಮನಿಸುವಂಥ ಬದಲಾವಣೆ ಆಗುವುದಿಲ್ಲ. ಗುಂಡಿನ ಪಥ ಲೆಕ್ಕಹಾಕುವ ಬ್ಯಾಲಿಸ್ಟಿಕ್ ಆ್ಯಪ್‌ನಲ್ಲಿ ದೂರದ ಲೆಕ್ಕವೆಲ್ಲ ಹಾಗೇ ಇರಲಿ, ಝೀರೋ ತಿದ್ದುಪಡಿಯೊಂದನ್ನೇ ಸೇರಿಸಿ. ಕ್ರೋನೋಗ್ರಾಫ್ ಇಟ್ಟು ಅಳೆಯುವುದಾದರೆ, ಬೆಳಕಿನ ಪರದೆಯ ಬಗೆಯದನ್ನು ಬ್ರೇಕ್‌ನ ಗಾಳಿಯ ಹೊಡೆತಕ್ಕೆ ಸಿಗದಂತೆ ಇನ್ನೂ ಮುಂದಕ್ಕೆ ಇಡಿ, ಇಲ್ಲದಿದ್ದರೆ ಅಂಕಿ ಹುಚ್ಚುಹುಚ್ಚಾಗಿ ಬರುತ್ತದೆ.

ಝೀರೋ ಅಂತರವನ್ನು ಕುಗ್ಗಿಸುವ ಒಂದು ದಾರಿ, ಬ್ರೇಕ್ ತೆಗೆದಾಗ ಅದರಷ್ಟೇ ತೂಕದ, ಕಿಂಡಿಯಿಲ್ಲದ ಸಿಲಿಂಡರ್ ಹಾಕುವುದು. ಬ್ರೌನಿಂಗ್ ಮತ್ತು ವಿಂಚೆಸ್ಟರ್ ರೈಫಲ್‌ಗಳಿಗೆ ಬಂದ ‘ಬಾಸ್’ ಎಂಬ ಸಾಧನದಲ್ಲಿ ಕಿಂಡಿಯಿರುವುದೊಂದು, ‘ಸಿಆರ್’ ಎಂದು ಗುರುತಿಸಿದ ಕಿಂಡಿಯಿಲ್ಲದ್ದೊಂದು ಇದ್ದವು. ಸ್ಪರ್ಧೆಯ ನಿಯಮ ಅಂಥ ತೂಕವನ್ನು ಒಪ್ಪುವುದಾದರೆ ಖರ್ಚಿಗೆ ತಕ್ಕ ವಸ್ತು.

ಕಿವಿ, ಪಕ್ಕದವರ ಕಿವಿಯೂ

ಬ್ರೇಕ್‌ನ ಬೆಲೆಯ ಬಹುಪಾಲು ತೆರುವುದು ಇಲ್ಲಿ. ರೈಫಲ್‌ನ ಗುಂಡಿನ ಸದ್ದು ಬ್ರೇಕ್ ಇಲ್ಲದೆಯೂ 160 ಡೆಸಿಬೆಲ್ ಮುಟ್ಟುವಂಥದ್ದು. ಹಠಾತ್ ಸದ್ದಿಗೆ ಕಿವಿಯ ಸುರಕ್ಷಿತ ಮಿತಿ ಎಂದು ಇಟ್ಟುಕೊಂಡಿರುವುದು 140. ಬ್ರೇಕ್ ಸದ್ದನ್ನು ಹೊಡೆಯುವವರ ಕಡೆಗೇ ತಿರುಗಿಸುವುದರಿಂದ ಅವರ ಕಿವಿಯ ಬಳಿ ಇನ್ನೂ 5ರಿಂದ 10 ಡೆಸಿಬೆಲ್ ಏರುತ್ತದೆ. ಅಂಕಿ ಸಣ್ಣದಾಗಿ ಕಾಣುತ್ತದೆ, ಆದರೆ 6 ಡೆಸಿಬೆಲ್ ಏರಿದರೆ ಕಿವಿಗೆ ಬಡಿಯುವ ಒತ್ತಡ ಇಮ್ಮಡಿ.

ಆದ್ದರಿಂದ ಒಳಗೆ ಫೋಮ್ ಪ್ಲಗ್, ಮೇಲೆ ಇಯರ್‌ಮಫ್, ಎರಡೂ ಬೇಕು. ಪ್ಲಗ್ 30, ಮಫ್ 25 ಎಂದು ಬರೆದಿದ್ದರೆ 55 ಆಗುವುದಿಲ್ಲ. ಹೆಚ್ಚಿನ ಅಂಕಿಯ ಮೇಲೆ ಸುಮಾರು 5 ಸೇರುತ್ತದೆ, ಅಷ್ಟೇ. ಆ ಐದೂ ಬೇಕು. ಮಾತು ಕೇಳಬೇಕಾದರೆ ಎಲೆಕ್ಟ್ರಾನಿಕ್ ಮಫ್‌ನ ವಾಲ್ಯೂಮ್ ಏರಿಸಿಕೊಂಡು ಪ್ಲಗ್‌ನ ಮೇಲೇ ಹಾಕಿ. ಯಾರೂ ಗಮನಿಸದ ತೊಂದರೆ ಒಂದಿದೆ: ಕೆನ್ನೆಯನ್ನು ಸ್ಟಾಕ್‌ಗೆ ಒತ್ತಿದಾಗ ದಪ್ಪ ಮಫ್‌ನ ಕೆಳ ಅಂಚು ಎದ್ದುಬಿಡುತ್ತದೆ. ಕನ್ನಡಕದ ದಪ್ಪ ಕಡ್ಡಿಯೂ ಹಾಗೇ ಸಂದು ಮಾಡುತ್ತದೆ. ಗುರಿ ಹಿಡಿದ ಭಂಗಿಯಲ್ಲಿಯೇ ಬೆರಳಿಂದ ಮಫ್‌ನ ಸುತ್ತ ಒಮ್ಮೆ ತಡವಿ ನೋಡಿ.

ಪಕ್ಕದಲ್ಲಿ ಕೂತವರ ಪಾಡು ನಿಮಗಿಂತ ಕಷ್ಟ, ಏಕೆಂದರೆ ಕಿಂಡಿ ಅವರ ಕಡೆಗೇ ತೆರೆದಿದೆ. ಸಾಲಿನ ತುದಿಯ ಬೆಂಚನ್ನೇ ಕೇಳಿ ಪಡೆಯಿರಿ. ಮೊದಲ ಗುಂಡಿಗೆ ಮುಂಚೆ ‘ಬ್ರೇಕ್ ಹಾಕಿದ್ದೇನೆ, ಮಫ್ ಹಾಕಿಕೊಳ್ಳಿ’ ಎಂದು ಎರಡು ಮಾತು ಆಡಿ, ಅವರು ಹಾಕಿಕೊಳ್ಳುವವರೆಗೆ ಕಾಯಿರಿ. ತಗಡಿನ ಮಾಡು, ಗೋಡೆಯ ಗೂಡು ಇರುವ ರೇಂಜಿನಲ್ಲಿ ಸದ್ದು ತಿರುಗಿ ಬಡಿಯುತ್ತದೆ. ಅಲ್ಲಿ ಬ್ರೇಕ್ ತೆಗೆದಿಟ್ಟು ಹೊಡೆಯುವುದೇ ಮರ್ಯಾದೆ, ಝೀರೋ ಚೀಟಿ ಹೇಗೂ ಅಂಟಿಸಿದ್ದೀರಿ. ಗುರಿ ನೋಡಿ ಹೇಳುವ ಸಂಗಡಿಗರು ಪಕ್ಕದಲ್ಲಿ ಕೂರದೆ ನಿಮ್ಮ ಬೆನ್ನ ಹಿಂದೆ, ನೇರ ಸಾಲಿನಲ್ಲಿ, ತುಸು ದೂರ ಕೂರಲಿ.

ಹೊಡೆಯುವಾಗ

ಮಲಗಿ ಹೊಡೆಯುವಾಗ ಬಾಯಿಯ ಕೆಳಗೂ ಎಡಬಲಕ್ಕೂ ಒಂದು ಚಾಪೆ ಹಾಸಿ ಅಂಚಿಗೆ ಭಾರ ಇಡಿ, ಅಥವಾ ನೆಲಕ್ಕೆ ನೀರು ಚಿಮುಕಿಸಿ. ಅಡ್ಡಗೋಡೆ, ಕಿಟಕಿ, ಪೈಪ್ ಇವುಗಳ ಮೂಲಕ ಹೊಡೆಯುವ ಹಂತಗಳಲ್ಲಿ ಬ್ರೇಕ್ ಪೂರ್ತಿ ಆಚೆಗೆ ಚಾಚಿರಬೇಕು. ಕಿಂಡಿ ಚೌಕಟ್ಟಿನೊಳಗೆ ಉಳಿದರೆ ಗಾಳಿಯ ಹೊಡೆತ ಮರಳಿ ನಿಮ್ಮ ಮುಖಕ್ಕೇ. ಕಣ್ಣಿಗೆ ಸುರಕ್ಷಾ ಕನ್ನಡಕ ಇಲ್ಲದೆ ಬ್ರೇಕ್ ಹಾಕಿದ ರೈಫಲ್ ಹಿಡಿಯಬೇಡಿ, ಉರಿಯದ ಮದ್ದಿನ ಕಣ ಹಿಂದಕ್ಕೂ ಹಾರುತ್ತದೆ. ಮರಳು ಚೀಲದ ದಾರ, ಬೆಲ್ಟ್, ಇನ್ನೊಬ್ಬರ ಕೈ ಯಾವುದೂ ಕಿಂಡಿಯ ಎದುರಿಗೆ ಇರಬಾರದು.

ಬ್ರೇಕ್ ಇದ್ದರೂ ರೈಫಲ್ ಪ್ರತಿ ಗುಂಡಿಗೆ ಒಂದೇ ಬದಿಗೆ ಹಾರುತ್ತಿದ್ದರೆ ಮೊದಲು ಕಿಂಡಿಯ ಮಟ್ಟ ನೋಡಿ. ಅದು ಸರಿಯಿದ್ದರೆ ನಿಮ್ಮ ಮೈ ರೈಫಲ್‌ಗೆ ನೇರವಾಗಿಲ್ಲ. ಬೈಪಾಡ್‌ಗೆ (ಮುಂಬದಿಯ ಎರಡು ಕಾಲಿನ ಆಸರೆಗೆ) ಸಮನಾಗಿ ಒತ್ತಡ ಕೊಟ್ಟು, ಬೆನ್ನುಮೂಳೆ ಬ್ಯಾರೆಲ್ ಸಾಲಿಗೆ ಬರುವಂತೆ ಮಲಗಿದರೆ ಗುರಿ ಸ್ಕೋಪಿನೊಳಗೆ ಮೇಲೆದ್ದು ಅಲ್ಲೇ ಇಳಿಯುತ್ತದೆ. ತಪ್ಪು ಭಂಗಿಯನ್ನು ಬ್ರೇಕ್ ತಿದ್ದುವುದಿಲ್ಲ, ಸ್ವಲ್ಪ ಮುಚ್ಚಿಡುತ್ತದೆ. ಬ್ರೇಕ್ ಒಪ್ಪದ ಪಂದ್ಯ ಮುಂದಿದ್ದರೆ ಅದಕ್ಕೆ ಕೆಲವು ವಾರ ಮೊದಲೇ ಬ್ರೇಕ್ ತೆಗೆದು ಅಭ್ಯಾಸ ಮಾಡಿ. ಮೆತ್ತನೆಯ ಒದೆತಕ್ಕೆ ಒಗ್ಗಿದ ಮೈ ಪಂದ್ಯದ ದಿನ ಟ್ರಿಗರ್ ಎಳೆಯುವ ಮೊದಲೇ ಬೆಚ್ಚುತ್ತದೆ. ಕಾಗದದ ಮೇಲೆ ಅದರ ಗುರುತು ಸ್ಪಷ್ಟ, ನಡುವಿನ ಗ್ರೂಪಿನಿಂದ ದೂರ ಸರಿದ ಒಂದೆರಡು ತೂತು.

ತೆಗೆಯುವುದು, ತೊಳೆಯುವುದು

ಬ್ಯಾರೆಲ್ ಪೂರ್ತಿ ಆರುವವರೆಗೆ ಬ್ರೇಕ್ ಮುಟ್ಟಬೇಡಿ, ಬೊಬ್ಬೆ ಬರುವಷ್ಟು ಕಾದಿರುತ್ತದೆ. ಆದರೆ ತಿಂಗಳುಗಟ್ಟಲೆ ಬಿಡುವುದೂ ಬೇಡ. ಮಸಿ ಎಳೆಗಳಲ್ಲಿ ಗಟ್ಟಿಯಾಗಿ ಕಚ್ಚಿ ಆಮೇಲೆ ಬಿಚ್ಚಲು ವೈಸೇ ಬೇಕಾಗುತ್ತದೆ. ಬ್ಯಾರೆಲ್ ತೊಳೆಯುವಾಗ ಪ್ರತಿ ಸಲ ಬ್ರೇಕ್ ತೆಗೆದಿಡಿ. ಇಲ್ಲದಿದ್ದರೆ ಒದ್ದೆ ಪ್ಯಾಚ್ ಕೊಳೆಯನ್ನೆಲ್ಲ ಅದರೊಳಗೆ ಕಕ್ಕುತ್ತದೆ, ರಾಡ್ ಮರಳಿ ಎಳೆದಾಗ ಅದೇ ಕೊಳೆ ಬ್ಯಾರೆಲ್‌ಗೆ ಹಿಂದಿರುಗುತ್ತದೆ. ಬಾಯಿಯ ಅಂಚಾದ ಕ್ರೌನ್ ಮೇಲೆ ಕೂತ ಮಸಿಯನ್ನು ದ್ರಾವಕದಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ. ಉಕ್ಕಿನ ಚೂರಿ, ಸೂಜಿ ಹಾಕಿ ಕೆರೆಯಬೇಡಿ. ಗುಂಡು ಬ್ಯಾರೆಲ್ಲನ್ನು ಕೊನೆಗೆ ಮುಟ್ಟಿ ಹೋಗುವ ಜಾಗ ಅದು, ಅಲ್ಲಿ ಗೀರು ಬಿದ್ದರೆ ಗ್ರೂಪ್ ಕೆಡುತ್ತದೆ. ಬ್ರೇಕ್ ತೆಗೆದ ಕೂಡಲೇ ಎಳೆಗೆ ಕ್ಯಾಪ್ ಹಾಕಿ, ರೈಫಲ್ ಒಂದು ಸಲ ಬಾಗಿಲಿಗೆ ತಗಲಿದರೆ ಸಾಕು ಎಳೆ ಜಜ್ಜಲು.

ಬ್ರೇಕನ್ನು ಕಾರ್ಬನ್ ಬಿಡಿಸುವ ದ್ರಾವಕದಲ್ಲಿ ರಾತ್ರಿಯಿಡೀ ನೆನೆಸಿ, ನೈಲಾನ್ ಬ್ರಷ್‌ನಲ್ಲಿ ಉಜ್ಜಿದರೆ ಹೆಚ್ಚಿನದು ಬರುತ್ತದೆ. ಹೊಳಪು ಬರಿಸುವ ಹುಚ್ಚು ಬೇಡ, ರಂಧ್ರ ಕಿರಿದಾಗದಿದ್ದರೆ ಸಾಕು. .22ರ ಬ್ರೇಕ್‌ನಲ್ಲಿ ಸೀಸ ಗಟ್ಟಿಯಾಗಿ ಕೂರುತ್ತದೆ. ಅದಕ್ಕೆ ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಅದ್ದುವ ಉಪಾಯ ಕೆಲವರ ಬಾಯಲ್ಲಿದೆ. ಸೀಸ ಕರಗುತ್ತದೆ ನಿಜ, ಕರಗಿ ಸೀಸದ ಅಸಿಟೇಟ್ ಆಗುತ್ತದೆ. ಅದು ವಿಷ, ಚರ್ಮದ ಮೂಲಕವೂ ಮೈ ಸೇರುತ್ತದೆ. ಕೈಗವಸು ಹಾಕಿ ಮರದ ಕಡ್ಡಿಯಿಂದ ನಿಧಾನವಾಗಿ ಬಿಡಿಸಿ, ಉದುರಿದ್ದನ್ನು ಒದ್ದೆ ಕಾಗದದಲ್ಲಿ ಒರೆಸಿ ತೆಗೆಯಿರಿ, ಕೆಲಸ ಮುಗಿದ ಮೇಲೆ ಕೈ ಸೋಪಿನಿಂದ ತೊಳೆಯಿರಿ.

ತೊಳೆದು ಒಣಗಿದ ಮೇಲೆ ಟಾರ್ಚ್ ಹಾಕಿ ಒಳಗೋಡೆಗಳನ್ನು ನೋಡಿ. ಮೊದಲ ಗೋಡೆ ಬೇರೆಲ್ಲಕ್ಕಿಂತ ಮೊದಲು ಸವೆಯುತ್ತದೆ, ಬಿಸಿ ಅನಿಲದ ಮೊದಲ ಹೊಡೆತ ಅದಕ್ಕೇ. ಮೇಲ್ಮೈ ಒರಟಾದದ್ದು ಸಹಜ. ಬಿರುಕು ಕಂಡರೆ, ದುಂಡು ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಎಳೆ ತಿಂದುಹೋಗಿ ಕೈಬಿಗಿಯಲ್ಲಿ ಬ್ರೇಕ್ ಅಲುಗಾಡಿದರೆ ಅದನ್ನು ಯಾರಿಗೂ ಮಾರಬೇಡಿ, ಕೊಡಲೂ ಬೇಡಿ. ಎಳೆಯನ್ನು ಗರಗಸದಲ್ಲಿ ಅಡ್ಡ ಕೊಯ್ದು ಗುಜರಿಗೆ ಹಾಕಿ. ಹೊಸ ಬ್ರೇಕ್ ಅದೇ ಕಂಪನಿಯದು, ಅದೇ ಮಾದರಿಯದು ಬಂದರೂ ಹಳೆಯ ಚೀಟಿಯನ್ನು ಸ್ಟಾಕ್‌ನಿಂದ ಕಿತ್ತು, ಐದೈದರ ಗ್ರೂಪ್‌ಗಳನ್ನು ಮೊದಲಿಂದ ಹೊಡೆಯಿರಿ.